ಉಸಗಾಂವದಲ್ಲಿ ವಸತಿ, ಹಗಲಿನಲ್ಲಿ ಸಮುದ್ರ



ಕಳೆದ ತಿಂಗಳು ಈ ಪುಟದಲ್ಲಿ ದೀಪಾವಳಿಯ ಖಾತೆ ಪೂಜೆಯ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ಬಾಗಲಕೋಟೆ ಕಡೆಯ ಬಂಧುಗಳೊಬ್ಬರು ಮದುವೆಯೊಂದರಲ್ಲಿ ಸಿಕ್ಕು ಬೇರೆಯೇ ಮಾತು ಕೇಳಿದರು. "ಸಾವಕಾರ್ರ, ಮಕ್ಕಳು ಸೂಟಿಗೆ ಗೋವಾ ಅಂತ ಹಟ ಹಿಡಿದಾವ. ಹೆಣ್ಣುಮಕ್ಕಳು, ವಯಸ್ಸಾದವರನ್ನ ಕರಕೊಂಡು ಕೂಡುವಂಥ ಶಾಂತ ಸಮುದ್ರ ದಂಡಿ ಅಲ್ಲಿ ಎಲ್ಲೆರೆ ಐತೇನ್ರಿ?" ಐತಿ ಎಂದೆವು. ಆದರೆ ಆ "ಶಾಂತ" ಎನ್ನುವ ಶಬ್ದದಿಂದಲೇ ನಾವು ಒಮ್ಮೆ ಮೋಸ ಹೋಗಿದ್ದೇವೆ. ಆ ಕಥೆಯನ್ನು ಹೇಳದೆ ಊರಿನ ಹೆಸರುಗಳನ್ನಷ್ಟೇ ಬರೆದರೆ ತಪ್ಪಾದೀತು.

ನಮ್ಮದು ಬೆಳಗಾವಿಯಲ್ಲಿ ಬೆಲ್ಲ, ಬೇಳೆ, ಒಣಮೆಣಸಿನಕಾಯಿಯ ಠೋಕ ವ್ಯಾಪಾರ. ಖಾನಾಪುರ, ಅನಮೋಡ ಘಟ್ಟ, ಮೊಲೆಮ್ ದಾಟಿ ಉಸಗಾಂವ ತಿಸ್ಕ್ ಮತ್ತು ಪೋಂಡಾ ಪೇಟೆಯ ಅಂಗಡಿಗಳಿಗೆ ನಮ್ಮ ಮಾಲು ಹೋಗುತ್ತಿತ್ತು. ಮೂವತ್ತು ವರ್ಷ ತಿಂಗಳಿಗೊಮ್ಮೆ ಉದ್ರಿ ವಸೂಲಿಗೆ ನಾವೇ ಹೋಗುತ್ತಿದ್ದೆವು. ಉಸಗಾಂವದಿಂದ ಸಮುದ್ರ ಸುಮಾರು 40 ಕಿಲೋಮೀಟರು. ಒಂದು ಸಲವೂ ಆ ಕಡೆ ತಿರುಗಿ ನೋಡಲಿಲ್ಲ. ವಸೂಲಿ ಮುಗಿದರೆ ಸಂಜೆಯ ಬಸ್ಸು, ರಾತ್ರಿಗೆ ಮನೆ. ಗೋವಾ ಎಂದರೆ ಕುಡಿತ, ಕುಣಿತ, ಅದು ನಮ್ಮಂಥವರ ಊರಲ್ಲ ಎಂದು ಮನೆಯಲ್ಲಿ ಹೇಳಿಕೊಂಡು ಬಂದೆವು. ಕೊನೆಗೆ ಕಾಲೇಜು ಓದುವ ಮೊಮ್ಮಗಳು ಒಂದು ದಿನ ಊಟಕ್ಕೆ ಕುಳಿತಾಗ ಕೇಳಿದಳು: "ಅಜ್ಜಾ, ಮೂವತ್ತು ವರ್ಷ ಗೋವಾದ ರೊಕ್ಕ ಮನಿಗೆ ತಂದಿ. ಗೋವಾ ಮಾತ್ರ ನಮಗ ಯಾಕ ತೋರಸೂದಿಲ್ಲ?" ನಮ್ಮ ಹತ್ತಿರ ಉತ್ತರವಿರಲಿಲ್ಲ.

ಚಾತುರ್ಮಾಸ ಮುಗಿದ ಮೇಲೆ ಹೊರಟೆವು. ನಾವು, ನಮ್ಮ ಮನೆಯವರು, ಮಗ, ಸೊಸೆ, ಮೊಮ್ಮಗಳು, ಹನ್ನೆರಡು ವರ್ಷದ ಮೊಮ್ಮಗ, ಎಪ್ಪತ್ತು ದಾಟಿದ ನಮ್ಮ ಅಕ್ಕ, ಹೀಗೆ ಏಳು ಜನ. ಉಸಗಾಂವದ ಹಳೆಯ ಗಿರಾಕಿಯೊಬ್ಬರು ತಮ್ಮ ಖಾಲಿ ಇದ್ದ ಹಳೇ ಮನೆಯನ್ನು ತೊಳೆಸಿ ಕೊಟ್ಟರು. ಅವರದು ಮೀನು ತಿನ್ನುವ ಮನೆ. ಆದರೆ ನಮ್ಮ ರೀತಿ ಬಲ್ಲವರಾದ್ದರಿಂದ ಬೇರೆ ಒಲೆ, ಹೊಸ ಕೊಡ ಇಟ್ಟಿದ್ದರು. ನೀರು ಸೋಸುವ ಬಟ್ಟೆ, ಖಾಖರಾ, ಚಟ್ನಿಪುಡಿ, ಅವಲಕ್ಕಿ ಎಲ್ಲ ನಮ್ಮ ಗಂಟಿನಲ್ಲೇ ಇತ್ತು. ಸಮುದ್ರದ ಪಕ್ಕದಲ್ಲೇ ಕೋಣೆ ಹಿಡಿಯದೆ ಒಳನಾಡಿನಲ್ಲಿ ಉಳಿದದ್ದು ಒಳ್ಳೆಯದಾಯಿತು. ಪೋಂಡಾ ತಾಲೂಕೆಂದರೆ ಮಂಗೇಶಿ, ಮಾರ್ದೋಳ, ಕವಳೆಯ ಶಾಂತಾದುರ್ಗೆ ಮೊದಲಾದ ದೇವಸ್ಥಾನಗಳ ಸೀಮೆ. ಹದಿನಾರನೇ ಶತಮಾನದಲ್ಲಿ ಪೋರ್ತುಗೀಜರ ಕಾಟಕ್ಕೆ ಭಕ್ತರು ಕರಾವಳಿಯಿಂದ ದೇವರನ್ನು ಹೊತ್ತು ತಂದಿಟ್ಟದ್ದು ಈ ಸೀಮೆಯಲ್ಲೇ. ಆದ್ದರಿಂದ ಈ ಭಾಗದಲ್ಲಿ ಶಾಕಾಹಾರದ ಊಟಕ್ಕೆ ಅಷ್ಟು ತೊಂದರೆಯಿಲ್ಲ.

ಮೊದಲ ಮೂರು ದಿನ ನಡಿಗೆ. ಸಾಧುಗಳ ವಿಹಾರದಲ್ಲಿ ಜೊತೆಗೆ ನಡೆದು ರೂಢಿಯಿದ್ದುದರಿಂದ ಅಕ್ಕನವರೇ ಎಲ್ಲರಿಗಿಂತ ಮುಂದೆ. ಬೆಳಗಿನ ತಂಪಿನಲ್ಲಿ ಗೋಡಂಬಿ ಗುಡ್ಡ, ಅಡಿಕೆ ತೋಟಗಳ ನಡುವೆ ಹೊರಟು ಖಾಂಡೇಪಾರದ ನದೀತೀರದ ಗವಿಗಳನ್ನು ನೋಡಿದೆವು. ಕೆಂಪು ಜಂಬಿಟ್ಟಿಗೆಯಲ್ಲಿ ಕೊರೆದ ಸಣ್ಣ ಕೋಣೆಗಳು. ಒಂದರ ಮಾಳಿಗೆಯಲ್ಲಿ ಕಮಲದ ಕೆತ್ತನೆ. ಮರುದಿನ ಬೋಂಡ್ಲಾ ಅಭಯಾರಣ್ಯ. ಬರೀ 8 ಚದರ ಕಿಲೋಮೀಟರಿನ ಚಿಕ್ಕ ಅಭಯಾರಣ್ಯ ಅದು. ಗುರುವಾರ ಬಾಗಿಲು ಮುಚ್ಚಿರುತ್ತದೆ, ನೆನಪಿಡಬೇಕು. ಮೂರನೆಯ ದಿನ ಪೋಂಡಾದ ಆಚೆ ಬಾಂದಿವಡೆಯಲ್ಲಿ ನೇಮಿನಾಥ ಬಸದಿಯ ಅವಶೇಷ ನೋಡಿದೆವು. ಗೋಡೆಗಳು ಮಾತ್ರ ಉಳಿದಿವೆ. ಗೋವಾ ನಮ್ಮವರ ಊರಲ್ಲ ಎನ್ನುತ್ತಿದ್ದ ನಾವು ಆ ಗೋಡೆಯ ಮುಂದೆ ಕೈಮುಗಿದು ಸುಮ್ಮನೆ ನಿಂತೆವು.

ನಾಲ್ಕನೆಯ ದಿನ ಸಮುದ್ರ. ಪೋಂಡಾದಿಂದ ಬೋರಿ ಸೇತುವೆಯ ಮೇಲೆ ಜುವಾರಿ ನದಿ ದಾಟಿ ಮಡಗಾಂವ, ಅಲ್ಲಿಂದ ಬೇತಾಳಭಾಟಿ. ಈ ಸಾಸಷ್ಟಿ ತಾಲೂಕಿನ ಕರಾವಳಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದದ ಒಂದೇ ಮರಳ ಪಟ್ಟಿ. ನಡುವಿನ ಕೋಲ್ವಾದಲ್ಲಿ ಜನಜಂಗುಳಿ. ಅಲ್ಲಿಂದ ಉತ್ತರಕ್ಕೆ ಬೇತಾಳಭಾಟಿ, ಮಾಜೋರ್ಡಾ, ಉತೋರ್ಡಾ ಎಂದು ಸರಿದಂತೆ ಗದ್ದಲ ಇಳಿಯುತ್ತದೆ. ಬೆಳಿಗ್ಗೆ ಎಂಟಕ್ಕೆ ನಾವು ಹೋದಾಗ ಇದ್ದವರು ಹತ್ತಿಪ್ಪತ್ತು ಜನ, ಕೆಂಪು ಹಳದಿ ಬಾವುಟ, ಒಬ್ಬ ಜೀವರಕ್ಷಕ. ಅಕ್ಕನವರು ಸೀರೆಯ ನೆರಿಗೆ ಎತ್ತಿ ಹಿಡಿದು ಪಾದ ಮುಳುಗುವಷ್ಟು ನೀರಿನಲ್ಲಿ ಬಹಳ ಹೊತ್ತು ನಿಂತರು. "ತಮ್ಮಾ, ಇಷ್ಟು ವರ್ಷ ಇದನ್ನ ನೋಡಲಿಲ್ಲಲ್ಲೋ" ಎಂದರು. ನಮಗೆ ಸಂಕೋಚವಾಯಿತು. ಬುತ್ತಿ ಬಿಚ್ಚಿ ಉಂಡು, ಸೂರ್ಯ ಇಳಿಯುವ ಮೊದಲೇ ಉಸಗಾಂವ ಸೇರಿ ಊಟ ಮುಗಿಸಿದೆವು.

ಅಲ್ಲಿಗೆ ಸಾಕು ಎನ್ನಬೇಕಿತ್ತು. ಐದನೆಯ ದಿನ ಇನ್ನೂ ಶಾಂತವಾದ ಜಾಗ ಬೇಕೆಂಬ ಆಸೆ ನಮ್ಮದೇ. ಕೇಳಿಕೊಂಡು ಹೋದ ಒಂದು ದಂಡೆಯಲ್ಲಿ ನಾಲ್ಕು ದೋಣಿ, ಒಣಹಾಕಿದ ಬಲೆ, ಬಲೆ ಹೊಲಿಯುತ್ತ ಕುಳಿತ ಒಬ್ಬ ಮೀನುಗಾರ. ಇಷ್ಟೇ. ಮೀನಿನ ವಾಸನೆ ಬರುತ್ತದೆ, ಅವರ ಹತ್ತಿರ ಕೂಡುವುದು ಬೇಡ ಎಂದು ನಾವೇ ಹೇಳಿ ಚಾಪೆಯನ್ನು ದೂರಕ್ಕೆ ಒಯ್ಯಿಸಿದೆವು. ಅಲ್ಲಿ ಬಾವುಟವಿಲ್ಲ, ಕಾವಲಿಲ್ಲ. ಎಡಬಲದಲ್ಲಿ ತೆರೆ ಒಡೆಯುತ್ತಿತ್ತು. ನಮ್ಮ ಮುಂದಿನ ಜಾಗದಲ್ಲಿ ಮಾತ್ರ ತೆರೆಯಿಲ್ಲದೆ ನೀರು ಸಪಾಟಾಗಿ ಕೆರೆಯಂತಿತ್ತು. "ಇಲ್ಲಿ ಇಳೀಪಾ, ಇಲ್ಲಿ ತೆರಿ ಇಲ್ಲ" ಎಂದು ಮೊಮ್ಮಗನಿಗೆ ಹೇಳಿದವರೂ ನಾವೇ.

ಮೊಣಕಾಲು ನೀರಿನಲ್ಲಿದ್ದ ಹುಡುಗ ನೋಡುತ್ತಿದ್ದಂತೆ ಸೊಂಟದ ನೀರಿನಲ್ಲಿದ್ದ, ಆಮೇಲೆ ಕೊರಳ ನೀರಿನಲ್ಲಿ. ದಂಡೆಯ ಕಡೆ ಕೈ ಬೀಸಿ ಈಜಿದರೂ ಹಿಂದಕ್ಕೇ ಹೋಗುತ್ತಿದ್ದ. ಮಗ ನೀರಿಗೆ ಹಾರುವುದರಲ್ಲಿದ್ದ. ಆ ಮೀನುಗಾರ ಬಲೆ ಬಿಟ್ಟು ಓಡಿ ಬಂದು ಅವನನ್ನು ಹಿಡಿದು ನಿಲ್ಲಿಸಿದ. ಹುಡುಗನಿಗೆ ಪಕ್ಕಕ್ಕೆ ಬಾ, ಪಕ್ಕಕ್ಕೆ ಬಾ ಎಂದು ಕೊಂಕಣಿಯಲ್ಲಿ ಕೂಗುತ್ತ, ಕೈಸನ್ನೆ ಮಾಡುತ್ತ, ತಾನು ಬದಿಯಿಂದ ನೀರಿಗಿಳಿದ. ತೆರೆ ಒಡೆಯುವ ಕಡೆಗೆ ಹುಡುಗನನ್ನು ಎಳೆದುಕೊಂಡ. ತೆರೆಯೇ ಇಬ್ಬರನ್ನೂ ಮರಳಿಗೆ ತಂದು ಹಾಕಿತು. ಎಲ್ಲ ಸೇರಿ ಐದು ನಿಮಿಷವಾಗಿರಬಹುದು. ನಮ್ಮ ಕಾಲು ನಮ್ಮವಾಗಿರಲಿಲ್ಲ.

ಜೇಬಿಗೆ ಕೈ ಹಾಕಿದೆವು. ಆತ ಬೇಡವೆಂದು ತಲೆಯಾಡಿಸಿದ. ವಾಸನೆ ಎಂದು ಯಾರನ್ನು ಬಿಟ್ಟು ದೂರ ಹೋಗಿ ಕುಳಿತೆವೋ, ಅಷ್ಟು ದೂರದಿಂದಲೂ ಆತ ನಮ್ಮ ಮಗುವಿನ ಮೇಲೆ ಕಣ್ಣಿಟ್ಟಿದ್ದ. ನಮ್ಮ ನಿಯಮ ನಮಗಿರಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಯಮ ಬೇರೆ, ಮನುಷ್ಯನನ್ನು ದೂರ ಇಡುವುದು ಬೇರೆ. ಅರವತ್ತು ದಾಟಿದ ಮೇಲೆ ಇದನ್ನು ಕಲಿತೆವು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇವೆ.

ಆತ ಹೇಳಿದ್ದನ್ನೂ ಮುಂದೆ ತಿಳಿದವರಿಂದ ಕೇಳಿದ್ದನ್ನೂ ಇಲ್ಲಿ ಕೊಡುತ್ತೇವೆ. ತೆರೆಗಳು ದಂಡೆಗೆ ತಂದು ಸುರಿದ ನೀರು ಎಲ್ಲಿಂದಲಾದರೂ ಹಿಂದಕ್ಕೆ ಹೋಗಲೇಬೇಕು. ಮರಳಿನ ದಿಬ್ಬಗಳ ನಡುವೆ ಆಳದ ಕಾಲುವೆಯಿದ್ದರೆ ಅಲ್ಲಿಂದ ರಭಸದಿಂದ ಹೊರಟುಹೋಗುತ್ತದೆ. ಆಳವಿರುವುದರಿಂದ ಅಲ್ಲಿ ತೆರೆ ಒಡೆಯುವುದಿಲ್ಲ, ನೀರಿನ ಬಣ್ಣವೂ ತುಸು ಕಪ್ಪು. ಅಂದರೆ ಕಣ್ಣಿಗೆ ಶಾಂತವಾಗಿ ಕಾಣುವ ಜಾಗವೇ ಸೆಳೆತದ ಜಾಗ. ಅದರಲ್ಲಿ ಸಿಕ್ಕವರು ದಂಡೆಯ ಕಡೆ ಗುದ್ದಾಡಿದರೆ ಬಲ ಮುಗಿದು ಮುಳುಗುತ್ತಾರೆ. ಸೆಳೆತ ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ ಅಷ್ಟೆ. ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಕರೆಯಬೇಕು, ಈಜು ಬಂದರೆ ದಂಡೆಗೆ ಸಮವಾಗಿ ಪಕ್ಕಕ್ಕೆ ಸರಿಯಬೇಕು. ದಂಡೆಯ ಮೇಲಿದ್ದವರು ಹಾರಬಾರದು. ಹಗ್ಗ, ಖಾಲಿ ಡಬ್ಬಿ, ತೇಲುವ ಏನನ್ನಾದರೂ ಎಸೆಯಬೇಕು.

ಆದ್ದರಿಂದ ಜಾಗ ಆರಿಸುವಾಗ ಮೊದಲು ಕಾವಲು ನೋಡಿ, ಆಮೇಲೆ ಶಾಂತಿ. ಗೋವಾದ ದಂಡೆಗಳಲ್ಲಿ 2008ರಿಂದ ದೃಷ್ಟಿ ಸಂಸ್ಥೆಯ ಜೀವರಕ್ಷಕರಿದ್ದಾರೆ. ಅವರ ಕೆಂಪು ಹಳದಿ ಬಾವುಟಗಳ ನಡುವೆಯೇ ನೀರಿಗಿಳಿಯಬೇಕು. ಬರೀ ಕೆಂಪು ಬಾವುಟ ಕಂಡರೆ ಇಳಿಯಲೇ ಬಾರದು. ಶಾಂತಿಯನ್ನು ಜಾಗದಲ್ಲಿ ಹುಡುಕುವುದಕ್ಕಿಂತ ಹೊತ್ತಿನಲ್ಲಿ ಹುಡುಕುವುದು ಮೇಲು. ಭಾನುವಾರ ಬಿಟ್ಟು ಬೇರೆ ದಿನ, ಬೆಳಿಗ್ಗೆ ಎಂಟರಿಂದ ಹನ್ನೊಂದು. ಡಿಸೆಂಬರಿನ ಕೊನೆಯ ವಾರ ಬೇಡ, ಮಳೆಗಾಲವಂತೂ ಬೇಡವೇ ಬೇಡ. ಪಣಜಿಯ ಮೀರಾಮಾರ್ ಕೂಡಲು, ಅಡ್ಡಾಡಲು ಚೆನ್ನ. ಮಾಂಡವಿ ನದಿ ಸಮುದ್ರ ಸೇರುವುದು ಅದರ ಹತ್ತಿರವೇ ಆದ್ದರಿಂದ ಸ್ನಾನಕ್ಕೆ ನಾವು ಹೇಳುವುದಿಲ್ಲ. ಗೋವಾ ದೂರವಾಗುವವರಿಗೆ ನಮ್ಮಲ್ಲೇ ಹೊನ್ನಾವರದ ಕಾಸರಕೋಡು, ಉಡುಪಿ ಕಡೆಯ ಪಡುಬಿದ್ರಿ ಇವೆ. ಸ್ವಚ್ಛತೆ ಮತ್ತು ಸುರಕ್ಷತೆಗಾಗಿ ಕೊಡುವ ನೀಲಿ ಬಾವುಟದ ಮನ್ನಣೆ 2020ರಲ್ಲಿ ಇವೆರಡಕ್ಕೂ ಸಿಕ್ಕಿತು.

ಇನ್ನೊಂದು ಮಾತು. ಕಾರವಾರದ ಕಡೆಯಿಂದ ಬರುವವರಿಗೆ ಕಾಣಕೋಣ ತಾಲೂಕಿನ ಗಾಲ್ಜಿಬಾಗ, ಆಗೋಂದ ಹತ್ತಿರ. ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿಗೆ ಕಡಲಾಮೆಗಳು ಬಂದು ಒಂದೊಂದು ಗುಂಡಿಯಲ್ಲಿ ನೂರರ ಸುಮಾರು ಮೊಟ್ಟೆ ಇಟ್ಟು ಹೋಗುತ್ತವೆ. ಮರಿಗಳು ಬೆಳಕಿದ್ದ ಕಡೆ ಸಮುದ್ರವಿದೆ ಎಂದು ನಂಬಿ ಹೊರಡುವುದರಿಂದ ನಮ್ಮ ದೀಪ ಅವುಗಳಿಗೆ ದಾರಿ ತಪ್ಪಿಸುತ್ತದೆ. ಅರಣ್ಯ ಇಲಾಖೆಯವರು ಬೇಲಿ ಹಾಕಿದ ಕಡೆ ಹೋಗಬಾರದು. ಸೂರ್ಯಾಸ್ತಕ್ಕೆ ಮೊದಲು ಉಂಡು ಮರಳು ಬಿಡುವ ನಮ್ಮ ರೂಢಿ ಆ ಜೀವಗಳಿಗೂ ಒಳ್ಳೆಯದೇ. ಹಗಲಿನಲ್ಲೂ ಒದ್ದೆ ಮರಳಿನಲ್ಲಿ ಸಣ್ಣ ಏಡಿಗಳು ಇರುತ್ತವೆ. ನಾಲ್ಕು ಮೊಳ ಮುಂದೆ ನೋಡಿ ಹೆಜ್ಜೆ ಇಡಬೇಕೆಂದು ಹಿರಿಯರು ಹೇಳಿದ್ದು ಅಲ್ಲಿಯೂ ನಡೆಯುತ್ತದೆ.

ಮೊಮ್ಮಗ ಈಗ ಬೆಳಗಾವಿಯಲ್ಲಿ ಈಜು ಕಲಿಯುತ್ತಿದ್ದಾನೆ. ಮುಂದಿನ ಕಾರ್ತಿಕದ ನಂತರ ಮತ್ತೆ ಉಸಗಾಂವಕ್ಕೆ ಹೋಗುವುದೆಂದು ಮಾತಾಗಿದೆ. ಆ ದಂಡೆಗೂ ಒಮ್ಮೆ ಹೋಗುತ್ತೇವೆ, ನೀರಿಗಿಳಿಯಲು ಅಲ್ಲ. ಒಂದು ಪೆಂಟಿ ಬೆಲ್ಲವನ್ನಾದರೂ ಆತ ಬೇಡವೆನ್ನಲಾರ ಎಂದು ನಮ್ಮ ಮನೆಯವರ ಎಣಿಕೆ. ಈ ಸಲ ಚಾಪೆಯನ್ನು ಆತನ ದೋಣಿಯ ಹತ್ತಿರವೇ ಹಾಸುತ್ತೇವೆ.