ಮಲಗಿದ ಬ್ಯಾಟರಿಗೂ ಆರೈಕೆ ಬೇಕು

ಮಲೆನಾಡಿನಲ್ಲಿ ಭತ್ತದ ಕೊಯ್ಲು ಮುಗಿಯಿತೆಂದರೆ ಗದ್ದೆಯನ್ನು ಕಾಯ್ದ ಸೌರಬೇಲಿಗೂ ಬಿಡುವು. ತಂತಿಯನ್ನು ಸುತ್ತಿಡುತ್ತೇವೆ, ಸೌರಫಲಕವನ್ನು ಅಟ್ಟಕ್ಕೇರಿಸುತ್ತೇವೆ, ಬ್ಯಾಟರಿಯನ್ನು ಕೊಟ್ಟಿಗೆಯ ಮೂಲೆಗೆ ತಳ್ಳುತ್ತೇವೆ. ಮತ್ತೆ ಅದರ ನೆನಪಾಗುವುದು ಮುಂದಿನ ವರ್ಷ ಭತ್ತ ಹೊಡೆಗೆ ಬಂದು, ಬದುವಿನಲ್ಲಿ ಕಾಡುಹಂದಿಯ ಹೆಜ್ಜೆ ಕಂಡಾಗ. ಅಷ್ಟರಲ್ಲಿ ಏಳೆಂಟು ತಿಂಗಳು ಕಳೆದಿರುತ್ತವೆ, ಬ್ಯಾಟರಿಯೂ ಸತ್ತಿರುತ್ತದೆ. ನಮ್ಮ ಊರುಗಳಲ್ಲಿ ದುಡಿದು ಸವೆದ ಬ್ಯಾಟರಿಗಳ ಜೊತೆಗೆ ದುಡಿಯದೆ ಸತ್ತ ಬ್ಯಾಟರಿಗಳೂ ಕಡಿಮೆಯಿಲ್ಲ. ಇದು ಹಣದ ನಷ್ಟವಷ್ಟೇ ಅಲ್ಲ, ಪರಿಸರದ ಪ್ರಶ್ನೆಯೂ ಹೌದೆಂಬುದು ನನ್ನ ವಾದ.

ಸೀಸ-ಆಮ್ಲದ ಬ್ಯಾಟರಿ ಸುಮ್ಮನಿದ್ದರೂ ತನ್ನಷ್ಟಕ್ಕೆ ಖಾಲಿಯಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತಿಂಗಳಿಗೆ ಸುಮಾರು ಶೇ. 3ರಿಂದ 5ರಷ್ಟು ಚಾರ್ಜು ಇಳಿಯುತ್ತದೆ; ಬ್ಯಾಟರಿ ಹಳತಾದಷ್ಟೂ ಇದು ಹೆಚ್ಚು. ಉಷ್ಣತೆ 10 ಡಿಗ್ರಿ ಏರಿದರೆ ಈ ಇಳಿತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಚಾರ್ಜು ಇಳಿದಾಗ ಫಲಕೆಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ. ಬೇಗನೆ ಚಾರ್ಜು ಮಾಡಿದರೆ ಅದು ಕರಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ಕೂತು, ಆಮೇಲೆ ಎಷ್ಟು ಚಾರ್ಜು ಮಾಡಿದರೂ ಕರಗುವುದಿಲ್ಲ.

ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟುವ ಸ್ವೀಡನ್, ಕೆನಡಾದಂತಹ ದೇಶಗಳಲ್ಲಿ ದೋಣಿಗಳನ್ನು ದಡಕ್ಕೆಳೆದಿಡುವಾಗ ಬ್ಯಾಟರಿಯನ್ನು ಕಳಚಿ, ಪೂರ್ತಿ ಚಾರ್ಜು ಮಾಡಿ ಇಡುವುದು ರೂಢಿ. ಖಾಲಿ ಬ್ಯಾಟರಿಯ ದ್ರವ ಬಹುಪಾಲು ನೀರಾಗಿರುವುದರಿಂದ ಶೂನ್ಯಕ್ಕಿಂತ ಏಳೆಂಟು ಡಿಗ್ರಿ ಕೆಳಗೇ ಹೆಪ್ಪುಗಟ್ಟಿ ಪೆಟ್ಟಿಗೆ ಒಡೆಯಬಹುದು. ಪೂರ್ತಿ ಚಾರ್ಜಾದ ಬ್ಯಾಟರಿಗೆ ಈ ಭಯವಿಲ್ಲ. ಅಲ್ಲಿನ ಚಳಿ ತುಂಬಿದ ಬ್ಯಾಟರಿಯನ್ನು ಕಾಪಾಡುತ್ತದೆ. ನಮ್ಮ ಬ್ಯಾಟರಿ ಮಲಗುವುದು ಬೇಸಿಗೆಯ ಕಾವಿನಲ್ಲಿ. ಆದ್ದರಿಂದ ಅವರಿಗಿಂತ ಹೆಚ್ಚಿನ ಎಚ್ಚರ ನಮಗೆ ಬೇಕು.

ಇದರ ಕ್ರಮ ಸರಳವಾದುದು. ಎತ್ತಿಡುವ ಮುನ್ನ ಪೂರ್ತಿ ಚಾರ್ಜು ಮಾಡಿ, ತಂತಿಗಳನ್ನು ಕಳಚಿ, ಮೇಲ್ಭಾಗದ ಧೂಳು ತೇವಗಳನ್ನು ಒರೆಸಿ, ನೆರಳಿನ, ಗಾಳಿಯಾಡುವ ಜಾಗದಲ್ಲಿ ಹಲಗೆಯ ಮೇಲಿಡಬೇಕು. ಚಾರ್ಜಾಗುವಾಗ ಜಲಜನಕ ಹೊರಬರುವುದರಿಂದ ಒಲೆ, ದೀಪಗಳ ಬಳಿ ಸಲ್ಲದು. ನೀರು ಇಳಿದಿದ್ದರೆ ಭಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಅಬ್ಬಿಯ ನೀರು ಕುಡಿಯಲು ಎಷ್ಟೇ ಸವಿಯಾಗಿದ್ದರೂ ಅದರಲ್ಲಿನ ಖನಿಜಗಳು ಬ್ಯಾಟರಿಗೆ ಕೇಡು. ತಿಂಗಳಿಗೊಮ್ಮೆ ಮೀಟರು ಹಿಡಿದು ನೋಡಬೇಕು. ಚಾರ್ಜು ಮಾಡಿ ಕೆಲವು ಗಂಟೆ ಬಿಟ್ಟ 12 ವೋಲ್ಟಿನ ಬ್ಯಾಟರಿ 12.6ರ ಮೇಲೆ ತೋರಿದರೆ ಕ್ಷೇಮ, 12.4ಕ್ಕೆ ಇಳಿದರೆ ಕೂಡಲೇ ಚಾರ್ಜು ಮಾಡಬೇಕು. ಇನ್ನೂ ಒಳ್ಳೆಯ ಉಪಾಯವೆಂದರೆ ಫಲಕವನ್ನು ಅಟ್ಟಕ್ಕೇರಿಸದೆ ಮನೆಯ ಮಾಡಿನ ಮೇಲೆ ಕಟ್ಟಿ, ಚಾರ್ಜ್ ಕಂಟ್ರೋಲರ್ ಮೂಲಕ ಬ್ಯಾಟರಿಗೆ ಜೋಡಿಸುವುದು. ಬೇಸಿಗೆಯ ಬಿಸಿಲು ಪುಕ್ಕಟೆಯಾಗಿ ಅದನ್ನು ಕಾಯುತ್ತದೆ. ಬಿಸಿಲಿಲ್ಲದ ಆಷಾಢದಲ್ಲಿ ಒಮ್ಮೆ ಕರೆಂಟಿನ ಚಾರ್ಜರಿಗೆ ಹಾಕಿದರೆ ಸಾಕು. ಲಿಥಿಯಂ ಬ್ಯಾಟರಿಯವರಿಗೆ ಮಾತ್ರ ನಿಯಮ ಬೇರೆ: ಅದನ್ನು ಪೂರ್ತಿ ತುಂಬಿಸದೆ, ಸುಮಾರು ಅರ್ಧ ಚಾರ್ಜಿನಲ್ಲಿ ತಂಪಾದ ಜಾಗದಲ್ಲಿಡಬೇಕು.

ಇಷ್ಟು ಮಾಡದಿದ್ದರೆ ಏನಾಗುತ್ತದೆ? ಮೊದಲನೆಯದಾಗಿ, ಪೈರು ಹಾಲುಗಾಳಾಗಿರುವಾಗ ಬೇಲಿ ಕೈಕೊಡುತ್ತದೆ. ಸೌರಬೇಲಿಯ ವಿದ್ಯುತ್ತು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಮಿಡಿಯುವುದರಿಂದ ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಬ್ಯಾಟರಿ ಸತ್ತ ರಾತ್ರಿ ಹತಾಶನಾದ ರೈತ ಕಂಬದ ತಂತಿಯಿಂದ ನೇರವಾಗಿ ವಿದ್ಯುತ್ ಹರಿಸಿದರೆ ಅದು ಬೇಲಿಯಲ್ಲ, ಉರುಳು. ನಮ್ಮ ದೇಶದಲ್ಲಿ ಆನೆಗಳ ಅಸಹಜ ಸಾವಿಗೆ ವಿದ್ಯುತ್ ಸ್ಪರ್ಶ ಒಂದು ಮುಖ್ಯ ಕಾರಣ. ಮನುಷ್ಯರೂ, ದನಕರುಗಳೂ ಇಂತಹ ತಂತಿಗೆ ಬಲಿಯಾಗಿದ್ದಾರೆ. ಅದು ಶಿಕ್ಷಾರ್ಹ ಅಪರಾಧ ಕೂಡ.

ಎರಡನೆಯದಾಗಿ, ಸತ್ತ ಬ್ಯಾಟರಿ ಗುಜರಿಯವನ ಸೈಕಲ್ಲೇರುತ್ತದೆ. ಅದರ ತೂಕದ ಅರ್ಧಕ್ಕೂ ಹೆಚ್ಚು ಪಾಲು ಸೀಸ. ಯಾವುದೋ ಊರಿನ ಹೊರಗೆ ಆಮ್ಲವನ್ನು ಚರಂಡಿಗೆ ಸುರಿದು, ಸೀಸವನ್ನು ತೆರೆದ ಒಲೆಯಲ್ಲಿ ಕರಗಿಸುತ್ತಾರೆ. ಮಣ್ಣಿಗೆ ಸೇರಿದ ಸೀಸ ತಲೆಮಾರುಗಳವರೆಗೆ ಅಲ್ಲಿಯೇ ಉಳಿಯುತ್ತದೆ. ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಳೆಯ ಮಕ್ಕಳ ಮಿದುಳಿಗೆ ಅದರ ಪೆಟ್ಟು ಅತಿ ಹೆಚ್ಚು. ಹಳೆಯ ಬ್ಯಾಟರಿಗಳನ್ನು ಹಿಂಪಡೆಯುವ ಹೊಣೆಯನ್ನು ಮಾರುವವರ ಮೇಲೆ ಹೊರಿಸಿದ ನಿಯಮ 2001ರಲ್ಲೇ ಬಂದಿತ್ತು. ಅದರ ಸ್ಥಾನದಲ್ಲಿ 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಉತ್ಪಾದಕರನ್ನೇ ಹೊಣೆಯಾಗಿಸಿವೆ. ಗುಜರಿಯವನು ಕೊಡುವ ನಾಲ್ಕು ಕಾಸು ಹೆಚ್ಚಿನ ಆಸೆಗೆ ಬೀಳದೆ, ಬ್ಯಾಟರಿಯನ್ನು ಅಂಗಡಿಗೇ ಮರಳಿಸಿ ರಸೀದಿ ಪಡೆಯುವುದು ನಮ್ಮ ಪಾಲಿನ ಕರ್ತವ್ಯ.

ಸೂರ್ಯನ ಶಕ್ತಿ ಶುದ್ಧವೆಂದು ನಾವು ಊರೂರಿನಲ್ಲಿ ಹೇಳುತ್ತಾ ಬಂದಿದ್ದೇವೆ. ಆದರೆ ಐದು ವರ್ಷ ಬಾಳಬೇಕಾದ ಬ್ಯಾಟರಿ ಎರಡೇ ವರ್ಷಕ್ಕೆ ಸತ್ತರೆ ಆ ಶುದ್ಧತೆಯ ಬೆಲೆಯನ್ನು ಇನ್ನೊಂದು ಊರಿನ ಮಕ್ಕಳು ತೆರುತ್ತಾರೆ. ಆದ್ದರಿಂದ ನನ್ನ ಸಲಹೆ ಇಷ್ಟೇ. ಪ್ರತಿ ಊರಿನ ರೈತಸಂಘ ಅಥವಾ ಯುವಕಸಂಘ ಒಂದು ಮೀಟರು, ಒಂದು ಚಾರ್ಜರು ಇಟ್ಟುಕೊಳ್ಳಲಿ. ಕಾಲೇಜಿನ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ವೋಲ್ಟು ಅಳೆದು, ಬ್ಯಾಟರಿಗೆ ಕಟ್ಟಿದ ಚೀಟಿಯಲ್ಲಿ ಬರೆಯಲಿ. ಬೀಜದ ಭತ್ತವನ್ನು ಮುಂದಿನ ಬಿತ್ತನೆಯವರೆಗೆ ಹುಳ ಹಿಡಿಯದಂತೆ ಕಾಯುವ ವಿದ್ಯೆ ನಮ್ಮ ಹಿರಿಯರಿಗೆ ತಿಳಿದಿತ್ತು. ಅದೇ ಶ್ರದ್ಧೆಯನ್ನು ಈ ಹೊಸ ಸಾಧನಕ್ಕೂ ತೋರುವುದು ನಮ್ಮಿಂದ ಆಗದ ಕೆಲಸವೇನಲ್ಲ.