ಈರುಳ್ಳಿಗೆ ಬೆಲೆ ಕಟ್ಟುವವರು ಯಾರು?

ಅಜ್ಜಂಪುರ, ಕಡೂರು ಸೀಮೆಯಲ್ಲಿ ಎರಡೆಕರೆ ಈರುಳ್ಳಿ ಹಾಕುವ ರೈತನಿಗೆ ಬೀಜ-ಗೊಬ್ಬರದ ಬುದ್ಧಿವಾದ ಹೇರಳವಾಗಿ ಸಿಗುತ್ತದೆ. ಮಾರುವ ದಾರಿ ತೋರುವವರಿಲ್ಲ. ಮುಂಗಾರಿನ ಈರುಳ್ಳಿ ಬಹಳ ದಿನ ತಡೆಯುವ ಮಾಲಲ್ಲ, ಕಿತ್ತಾಗ ಮಳೆ ಹಿಡಿದರೆ ಕೊಳೆತೇ ಹೋಗುತ್ತದೆ. ಲಾರಿ ಬೆಂಗಳೂರು ಮುಟ್ಟಿದ ಮೇಲೆ ಧಾರಣೆ ಸಾಲದೆಂದು ಚೀಲಗಳನ್ನು ಹಿಂದಕ್ಕೆ ತರುವ ತ್ರಾಣ ಯಾವ ಬಡ ರೈತನಿಗಿದೆ? ಬಿತ್ತನೆಗೆ ಮುಂಗಡ ಕೊಟ್ಟ ಮಂಡಿಯವನೇ ಮಾರಿಕೊಡುವವನೂ ಆದಲ್ಲಿ ಹರಾಜೆಂಬುದು ಬರಿಯ ಹೆಸರು. 1966ರ ಮಾರುಕಟ್ಟೆ ಕಾಯಿದೆಯಂತೆ ದಲ್ಲಾಳಿಯ ಕಮಿಷನ್ ಕೊಳ್ಳುವವನ ಹೊರೆ, ರೈತನದಲ್ಲ. ಬಿಳಿ ಚೀಟಿಗೆ ಮಾತ್ರ ಈ ಕಾಯಿದೆ ಗೊತ್ತಿಲ್ಲ!

ಸಹಕಾರ ಸಂಘಗಳು ಸಾಲ ಹಂಚಿ ಕೈತೊಳೆದುಕೊಂಡರೆ ಆಗದು. ಗೆಡ್ಡೆ ಒಣಗಿಸಲು ಊರಿಗೊಂದು ಚಾವಣಿ, ಹತ್ತು ಮನೆಯ ಮಾಲಿಗೆ ಒಂದೇ ಲಾರಿ, ಸಂಘದ ಹೆಸರಿನಲ್ಲೇ ಮಾರಾಟ, ಇಷ್ಟನ್ನು ಮುಂದಿನ ಬಿತ್ತನೆಯೊಳಗೆ ಮಾಡಬೇಕು. ಮಾರುಕಟ್ಟೆ ಸಮಿತಿಗಳು ವಸೂಲು ಮಾಡುವ ಶುಲ್ಕ ಇದಕ್ಕಲ್ಲದೆ ಮತ್ತಾವುದಕ್ಕೆ?