ವಾರದ ಕಾಳು ಒಂದೇ ದಿನ ಬೇಯಲಿ

ಬೇಳೆಕಾಳಿನ ದರ ಏರಿದಾಗಲೆಲ್ಲ ನಮ್ಮ ಚರ್ಚೆ ಮಂಡಿ, ಆಮದು, ದಾಸ್ತಾನು ಮಿತಿ ಎಂದು ಅಡುಗೆಮನೆಯ ಹೊರಗೇ ಉಳಿಯುತ್ತದೆ. 2023ರಲ್ಲಿ ಬೇಳೆ ತುಟ್ಟಿಯಾದಾಗ ಕೇಂದ್ರ ಸರ್ಕಾರ ‘ಭಾರತ್ ದಾಲ್’ ಹೆಸರಿನಲ್ಲಿ ಕಡಲೆಬೇಳೆಯನ್ನು ಕಿಲೋಗೆ 60 ರೂಪಾಯಿಯಂತೆ ಮಾರಿಸಿತು. ಅಂಥ ಕ್ರಮಗಳು ಬೇಕು. ಆದರೆ ತೊಗರಿಬೇಳೆ ಕೈಸುಡುವ ಕಾಲದಲ್ಲೂ ಹುರುಳಿ, ಕಡಲೆಕಾಳು ಅದಕ್ಕಿಂತ ಅಗ್ಗವಾಗಿ ಸಿಗುತ್ತಲೇ ಇರುತ್ತವೆ. ಆದರೂ ಅವು ವಾರದ ನಡುವಿನ ಊಟಕ್ಕೆ ಬರುವುದು ಅಪರೂಪ. ಕಾರಣ ಬೆಲೆಯಲ್ಲ, ಹಿಂದಿನ ರಾತ್ರಿ ಯಾರೂ ನೆನೆಹಾಕಿರುವುದಿಲ್ಲ. ಸಂಜೆ ಏಳಕ್ಕೆ ಕೆಲಸ ಮುಗಿಸಿ ಬಂದವರು ಆಗ ಕಾಳು ನೆನೆಸಿ ಕೂರುವಂತಿಲ್ಲ. ಕೈ ಮೊಬೈಲಿಗೆ ಹೋಗುತ್ತದೆ, ಊಟ ಹೊರಗಿನಿಂದ ಬರುತ್ತದೆ. ಫ್ರಿಜ್ ಇರುವ ಮನೆಗಳು ವಾರಕ್ಕೊಮ್ಮೆ ಕಾಳು ಬೇಯಿಸಿ ಫ್ರೀಜರಿನಲ್ಲಿ ಇಟ್ಟುಕೊಳ್ಳುವ ರೂಢಿ ಮಾಡಿಕೊಂಡರೆ ಈ ಸೋರಿಕೆ ಬಹುಮಟ್ಟಿಗೆ ನಿಲ್ಲುತ್ತದೆ ಎಂಬುದು ನನ್ನ ವಾದ.

ಲೆಕ್ಕ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ, ದಿನಕ್ಕೆ 2000 ಕಿಲೋಕ್ಯಾಲೊರಿಯ ಊಟದಲ್ಲಿ 85 ಗ್ರಾಂ ಬೇಳೆಕಾಳು ಇರಲಿ ಎನ್ನುತ್ತದೆ. ನಾಲ್ಕು ಜನರ ಮನೆಗೆ ಅದು ತಿಂಗಳಿಗೆ ಹತ್ತು ಕಿಲೋ. ನಿಮ್ಮ ಮನೆಯ ದಿನಸಿ ಚೀಟಿಯಲ್ಲಿ ಎಷ್ಟಿದೆ ಎಂದು ಒಮ್ಮೆ ಕೂಡಿಸಿ ನೋಡಿ. ಮೂರು ಮತ್ತೊಂದು ಕಿಲೋಗೆ ನಿಲ್ಲುವ ಮನೆಗಳೇ ಹೆಚ್ಚಿರಬಹುದು. ಇನ್ನು ದುಡ್ಡಿನ ಮಾತು. ಕಾಳು ಕಿಲೋಗೆ 100 ರೂಪಾಯಿ ಎಂದೇ ಇಟ್ಟುಕೊಳ್ಳಿ. ನೆನೆದು ಬೆಂದ ಮೇಲೆ ಅದು ಎರಡು ಕಿಲೋ ದಾಟುತ್ತದೆ. ನಾಲ್ವರ ಒಂದು ಹೊತ್ತಿಗೆ ಕಾಲು ಕಿಲೋ ಒಣಕಾಳು ಧಾರಾಳ, ಅಂದರೆ 25 ರೂಪಾಯಿ. ಅದೇ ನಾಲ್ವರಿಗೆ ಹೊರಗಿನಿಂದ ಒಂದು ಊಟ ತರಿಸಿದರೆ ಎಷ್ಟಾಗುತ್ತದೆಂದು ಎಲ್ಲರಿಗೂ ಗೊತ್ತು. ಗ್ಯಾಸೂ ಸ್ವಲ್ಪ ಉಳಿಯುತ್ತದೆ: ಕುಕ್ಕರ್ ಕಾದು ಮೊದಲ ಕೂಗು ಬರುವವರೆಗಿನ ಉರಿ ಪ್ರತಿ ಸಲವೂ ತೆರಬೇಕಾದದ್ದು, ಸಲ ಕಡಿಮೆಯಾದಷ್ಟೂ ಲಾಭ. ಆದರೆ ಅದನ್ನು ದೊಡ್ಡದು ಮಾಡಿ ಹೇಳಲಾರೆ. ನಿಜವಾದ ಉಳಿತಾಯ ತಪ್ಪಿಸಿಕೊಂಡ ಆರ್ಡರುಗಳಲ್ಲಿದೆ.

ಕ್ರಮ ಕಷ್ಟದ್ದಲ್ಲ, ಕೆಲವೆಡೆ ಎಚ್ಚರ ಬೇಕು. ಐದು ಲೀಟರಿನ ಕುಕ್ಕರಿಗೆ ಅರ್ಧ ಕಿಲೋ ಒಣಕಾಳು ಸಾಕು. ನೀರೂ ಸೇರಿ ಅರ್ಧ ಕುಕ್ಕರ್ ದಾಟಿದರೆ ನೊರೆ ಉಕ್ಕಿ ವೆಯ್ಟ್ ಕಟ್ಟಿಕೊಳ್ಳುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕಾಳು ಬೇಗ ಮೆತ್ತಗಾಗುವುದಿಲ್ಲ, ಹಾಗಾಗಿ ನೆನೆಸಲೂ ಬೇಯಿಸಲೂ ಫಿಲ್ಟರ್ ನೀರು ಒಳ್ಳೆಯದು. ಹುಣಸೆಹುಳಿ, ಟೊಮೆಟೊ ಈ ಹಂತದಲ್ಲಿ ಬೇಡವೇ ಬೇಡ. ರಾಜ್ಮಾ ನೆನೆಸಿದ ನೀರನ್ನು ಚೆಲ್ಲಿ, ಪೂರ್ತಿ ಬೇಯಿಸಲೇಬೇಕು. ಅರೆಬೆಂದ ರಾಜ್ಮಾದಲ್ಲಿ ಉಳಿಯುವ ಲೆಕ್ಟಿನ್ ವಾಂತಿ ಭೇದಿ ತರಿಸುತ್ತದೆ. ಉಳಿದ ಕಾಳುಗಳು ಬೆಂದಿರಬೇಕು, ಕದಡಿರಬಾರದು, ಏಕೆಂದರೆ ಹೆಪ್ಪುಗಟ್ಟಿ ಕರಗಿದ ಮೇಲೆ ಇನ್ನಷ್ಟು ಮೆತ್ತಗಾಗುತ್ತವೆ. ಬಸಿದು, ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ಹೊತ್ತಿಗೆ ಒಂದರಂತೆ ಡಬ್ಬಿಗೆ ತುಂಬಿದರೆ ಮುಗಿಯಿತು. ಈ ಏರ್ಪಾಡಿಗೆ ಹುರುಳಿಯಷ್ಟು ಒಗ್ಗುವ ಕಾಳು ಇನ್ನೊಂದಿಲ್ಲ: ಬಸಿದ ಕಟ್ಟು ಒಂದು ಡಬ್ಬಿಗೆ, ಕಾಳು ಇನ್ನೊಂದಕ್ಕೆ. ಬುಧವಾರ ರಾತ್ರಿ ಕಟ್ಟಿಗೆ ಖಾರ ಅರೆದು ಹಾಕಿದರೆ ಸಾರು, ಕಾಳಿಗೆ ಈರುಳ್ಳಿ ಒಗ್ಗರಣೆ ಕೊಟ್ಟು ತೆಂಗಿನತುರಿ ಉದುರಿಸಿದರೆ ಪಲ್ಯ. ಮುದ್ದೆ ತೊಳಸುವ ಹೊತ್ತಿಗೆ ಎರಡೂ ತಯಾರು.

ತಂಗಳು ತಿನ್ನಬೇಕೇ ಎಂಬುದು ಬಲವಾದ ಆಕ್ಷೇಪ, ಅದಕ್ಕೆ ಆಧಾರವೂ ಇದೆ. ಬೆಂದ ಕಾಳು ಗಂಟೆಗಟ್ಟಲೆ ಒಲೆಯ ಪಕ್ಕ ಬಿದ್ದಿದ್ದರೆ, 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಆ ಶಾಖದಲ್ಲಿ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆ. ಕುದಿಸಿದರೂ ಸಾಯದ ಬೀಜಾಣುಗಳು ಮತ್ತೆ ಚಿಗುರುತ್ತವೆ. ನಮ್ಮ ಹಿರಿಯರ ಹಿಂಜರಿಕೆ ಫ್ರಿಜ್ ಇಲ್ಲದ ಕಾಲದ್ದು, ಆ ಕಾಲಕ್ಕೆ ಅದು ಸರಿಯಾದದ್ದೇ. ಆದರೆ ಬೆಂದ ಎರಡು ಗಂಟೆಯೊಳಗೆ ಆರಿಸಿ ಒಳಗಿಟ್ಟು, ಮೈನಸ್ 18 ಡಿಗ್ರಿಗೆ ಹೆಪ್ಪುಗಟ್ಟಿಸಿದಾಗ ಆ ಬೆಳವಣಿಗೆ ನಿಂತೇಹೋಗುತ್ತದೆ. ಅವರೆಯ ಕಾಲದಲ್ಲಿ ಕಾಳನ್ನೂ ಹಿದುಕಿದ ಬೇಳೆಯನ್ನೂ ಫ್ರೀಜರಿಗೆ ತುಂಬಿ ಬೇಸಿಗೆಯವರೆಗೆ ಸಾರು ಮಾಡುವ ಮನೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಶೈತ್ಯದ ಬಗ್ಗೆ ಅಲ್ಲಿಲ್ಲದ ಅನುಮಾನ ಕಡಲೆಕಾಳಿನ ಮುಂದೆ ಏಕೆ? ಒಂದೇ ಬಾಗಿಲಿನ ಫ್ರಿಜ್ಜಿನ ಪುಟ್ಟ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗದಿರಬಹುದು. ಅಂಥವರು ವಾರದೊಳಗೆ ಮುಗಿಸಲಿ. ಗಂಟೆಗಟ್ಟಲೆ ಕರೆಂಟು ಹೋಗಿ ಪೂರ್ತಿ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಲೋಡ್ ಶೆಡ್ಡಿಂಗ್ ಹೆಚ್ಚಿರುವ ಊರಿನಲ್ಲಿ ಈ ಪದ್ಧತಿಯೇ ಬೇಡ, ಫ್ರಿಜ್ ಇಲ್ಲದ ಮನೆಗಂತೂ ಇದು ಪರಿಹಾರವೇ ಅಲ್ಲ. ಆ ಮನೆಗಳಿಗೆ ಪಡಿತರದಲ್ಲಿ ಕಾಳು ಸಿಗಬೇಕು ಎಂಬ ಬೇಡಿಕೆಯನ್ನು ಈ ಸಲಹೆಯ ಹೆಸರಿನಲ್ಲಿ ಯಾರೂ ಪಕ್ಕಕ್ಕೆ ಸರಿಸಕೂಡದು.

ನನಗೆ ಹೆಚ್ಚು ತಟ್ಟುವ ಆಕ್ಷೇಪ ಬೇರೆ: ಹೆಂಗಸರಿಗೆ ಸಿಗುವ ಒಂದು ಭಾನುವಾರವನ್ನೂ ಇದು ನುಂಗುತ್ತದೆ ಎಂಬುದು. ಈಗ ನಡೆಯುವಂತೆಯೇ ನಡೆದರೆ ಖಂಡಿತ ನುಂಗುತ್ತದೆ. ಆದರೆ ಈ ಕೆಲಸದ ಸ್ವಭಾವ ನೋಡಿ. ಹದ ಅರಿತು ಒಗ್ಗರಣೆ ಹಾಕಬೇಕಿಲ್ಲ, ಖಾರದ ಅಂದಾಜು ಬೇಕಿಲ್ಲ. ತೊಳೆಯುವುದು, ನೆನೆಸುವುದು, ಕೂಗು ಎಣಿಸುವುದು, ಡಬ್ಬಿಯ ಮೇಲೆ ತಾರೀಖು ಬರೆಯುವುದು, ಅಷ್ಟೇ. ಅಡುಗೆಯೇ ಬಾರದು ಎನ್ನುವ ಗಂಡನೂ, ಹೈಸ್ಕೂಲಿಗೆ ಹೋಗುವ ಮಗನೂ ಮಾಡಬಲ್ಲ ಕೆಲಸ ಇದು. ಶನಿವಾರ ರಾತ್ರಿ ಕಾಳು ನೆನೆಹಾಕುವುದರಿಂದ ಹಿಡಿದು ಭಾನುವಾರ ಕುಕ್ಕರ್ ತೊಳೆದಿಡುವವರೆಗೆ ಪೂರ್ತಿ ಅವರ ಪಾಲಿಗೇ ಬರಲಿ.